ಎರಡನೇ ನಂಬರಿನ ಹಲಗೆ

ಹಲಗೆಯ ಮೇಲೆ ಪಾಚಿ ಬೆರಳುದ್ದ ಬೆಳೆದಿತ್ತು. ಗಡಿಯಾರಮ್ಮ ರವಿಕೆಯ ತೋಳು ಮೇಲೆ ಮಡಚಿಕೊಂಡು, ಮೊಣಕಾಲೂರಿ, ನಾರಿನ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಅವಳ ಅತ್ತೆ ಹಿತ್ತಲ ಬಾಗಿಲಿಗೆ ಕುರ್ಚಿ ಎಳೆಸಿಕೊಂಡು ಕೂತು ಮೇಲ್ವಿಚಾರಣೆ ನಡೆಸಿದ್ದರು.

"ಆ ಮೂಲೆ ಬಿಟ್ಟೆ ನೋಡು."

"ಬಿಟ್ಟಿಲ್ಲ ಅತ್ತೆ. ಅಲ್ಲಿಗೇ ಬರ್ತಾ ಇದೀನಿ."

"ನಿನ್ನೆ ನಾನು ಜಾರಿದ್ದು ಅಲ್ಲೇ. ಒಂದು ಸೊಂಟ ಮುರ್ಕೊಂಡಿದ್ದು ಸಾಲ್ದು ಅಂತ ಇನ್ನೊಂದೂ ಮುರಿಸ್ಬೇಕಂತಿದೀಯಾ?"

"ಮನುಷ್ಯರಿಗೆ ಇರೋದೇ ಒಂದು ಸೊಂಟ."

"ಡಾಕ್ಟರು ಎರಡು ಕಡೆ ಫೋಟೋ ತೆಗ್ದಿದ್ರು ಕಣೇ. ನಿನಗಿಂತ ಅವ್ರಿಗೆ ಗೊತ್ತು."

ಹಿತ್ತಲ ಬಾಗಿಲಿಗೂ ಬಚ್ಚಲುಮನೆಗೂ ನಡುವೆ ಒಂದು ಮೋರಿ. ದಾಟುವುದಕ್ಕೆ ದೊಡ್ಡ ಹೆಜ್ಜೆ ಬೇಕು. ಹನ್ನೆರಡು ವರ್ಷದ ಹಿಂದೆ ಅತ್ತೆ ಆ ದೊಡ್ಡ ಹೆಜ್ಜೆ ಹಾಕಲು ಹೋಗಿ ಬಿದ್ದು ಸೊಂಟ ಮುರಿದುಕೊಂಡರು. ಆಗ ತಂದು ಹಾಕಿದ್ದು ಈ ಹಲಗೆ. ಆರಡಿ ಉದ್ದ, ಒಂದಡಿ ಅಗಲ, ಒಳ್ಳೆ ಗಟ್ಟಿ ಮರದ್ದು. ಇಷ್ಟು ವರ್ಷ ನೀರು ಕುಡಿದರೂ ಒಂದಿಷ್ಟೂ ಬಾಗಿರಲಿಲ್ಲ. ತುದಿಯ ಪಾಚಿ ಹೋಗುತ್ತಿದ್ದಂತೆ ಅಡಿಯಿಂದ ಮಾಸಿದ ಹಸಿರು ಬಣ್ಣದಲ್ಲಿ ಎರಡರ ಅಂಕೆ ಎದ್ದು ಬಂತು. ಗಡಿಯಾರಮ್ಮ ಒಂದು ಗಳಿಗೆ ಅದನ್ನು ನೋಡಿದಳು. ಆಮೇಲೆ ಒಂದು ಚೊಂಬು ನೀರು ಹುಯ್ದು ಎದ್ದಳು. ಕೆಲಸಕ್ಕೆ ಹೊತ್ತಾಗಿತ್ತು, ಮತ್ತು ಅವಳಿಗೆ ಹೊತ್ತಾಗುವುದೆಂದರೆ ಆಗದು.

ಗಡಿಯಾರಮ್ಮ ಅನ್ನುವ ಹೆಸರು ಬಂದದ್ದೇ ಹಾಗೆ. ಊರಾಚೆಯ ಭತ್ತದ ಸಂಶೋಧನಾ ಕೇಂದ್ರದಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದಳು: ಗದ್ದೆಯ ಉಸಿರು ಹಿಡಿಯುವುದು. ನೀರು ನಿಂತ ಗದ್ದೆಯಲ್ಲಿ ತಳದ ಕೆಸರಿಗೆ ಗಾಳಿ ಸಿಗುವುದಿಲ್ಲ. ಅಲ್ಲಿ ಕೊಳೆತ ಬೇರು, ಹುಲ್ಲು ತಿಂದುಕೊಂಡು ಬದುಕುವ ಕಣ್ಣಿಗೆ ಕಾಣದ ಜೀವಿಗಳು ಮೀಥೇನ್ ಅನ್ನುವ ಅನಿಲ ಬಿಡುತ್ತವೆ. ಅದು ಪೈರಿನ ಟೊಳ್ಳು ಕಾಂಡವನ್ನೇ ಕೊಳವೆ ಮಾಡಿಕೊಂಡು ಮೇಲೇರುತ್ತದೆ, ಒಂದಿಷ್ಟು ಗುಳ್ಳೆಯಾಗಿಯೂ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಆಕಾಶಕ್ಕೆ ಸೇರಿ ಭೂಮಿಗೆ ಕಂಬಳಿ ಹೊದಿಸಿದಂತೆ ಕಾವು ಹಿಡಿದಿಡುತ್ತದೆ. ಗಡಿಯಾರಮ್ಮ ಹತ್ತು ಗಂಟೆಗೆ ಸರಿಯಾಗಿ ನಾಲ್ಕು ಪೈರಿನ ಗುಡ್ಡೆಗಳ ಮೇಲೆ ಗಾಜಿನಂಥ ಪ್ಲಾಸ್ಟಿಕ್ ಪೆಟ್ಟಿಗೆ ಬೋರಲು ಹಾಕುವಳು. ಹಾಕಿದ ಕೂಡಲೇ ಒಂದು ಸಿರಿಂಜ್ ಗಾಳಿ ಎಳೆಯುವಳು. ಹತ್ತು ನಿಮಿಷಕ್ಕೊಂದು, ಇಪ್ಪತ್ತಕ್ಕೊಂದು, ಮೂವತ್ತಕ್ಕೊಂದು. ಪೆಟ್ಟಿಗೆಯೊಳಗೆ ಮೀಥೇನ್ ಎಷ್ಟು ಬೇಗ ಏರುತ್ತಿದೆ ಅನ್ನುವುದೇ ಲೆಕ್ಕ. ನಿಮಿಷ ತಪ್ಪಿದರೆ ಲೆಕ್ಕ ತಪ್ಪಿತು. ಇಷ್ಟು ವರ್ಷದಲ್ಲಿ ಅವಳು ಒಂದು ನಿಮಿಷವನ್ನೂ ತಪ್ಪಿಸಿದವಳಲ್ಲ. ಅವಳಿಗಿದ್ದ ಹೆಮ್ಮೆಯೆಲ್ಲ ಆ ಒಂದು ಮಾತಿನಲ್ಲಿತ್ತು.

ಆ ದಿನ ಗದ್ದೆ ಕೆಲಸ ಮುಗಿಸಿ ಅವಳು ಸೀಸೆ ತೊಳೆಯುತ್ತಿದ್ದಾಗ ಚಿಕ್ಕ ಮೇಡಂ ಬಾಗಿಲಲ್ಲಿ ಬಂದು ನಿಂತರು. ಹಿಂದೆ ಇದ್ದ ವಿಜ್ಞಾನಿ ದೊಡ್ಡ ಸಾರ್ ನಿವೃತ್ತರಾದ ಮೇಲೆ ಬಂದವರು, ನಾಲ್ಕು ವರ್ಷವಾಗಿತ್ತು. ವಯಸ್ಸಿನಲ್ಲಿ ಗಡಿಯಾರಮ್ಮನಿಗೆ ಮಗಳಾಗಬೇಕು. ಅದಕ್ಕೇ ಚಿಕ್ಕ ಮೇಡಂ.

"ಗಡಿಯಾರಮ್ಮ, ಕೈ ಒರೆಸ್ಕೊಂಡು ಬನ್ನಿ. ನಿಮ್ಮ ಹದಿನೆಂಟು ವರ್ಷನ ಒಂದೇ ಹಾಳೇಲಿ ಇಳಿಸಿದೀನಿ."

ಮೇಜಿನ ಮೇಲೆ ಒಂದು ದೊಡ್ಡ ಹಾಳೆ. ಅದರ ಮೇಲೆ ಎರಡು ಗೆರೆ.

ನದಿಯ ಈ ದಡ ಒಂದು ದೇಶ, ಆ ದಡ ಇನ್ನೊಂದು. ಮಣ್ಣೂ ನೀರೂ ಒಂದೇ, ಮಾತೂ ಹೆಚ್ಚುಕಡಿಮೆ ಒಂದೇ. ಹತ್ತೊಂಬತ್ತು ವರ್ಷದ ಹಿಂದೆ ಎರಡು ದೇಶದವರೂ ಕೂಡಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಇಬ್ಬರೂ ಒಂದೇ ಥರದ ಪೆಟ್ಟಿಗೆಯಲ್ಲಿ, ಒಂದೇ ಹೊತ್ತಿನಲ್ಲಿ ಅಳೆಯುವುದು. ವರ್ಷಕ್ಕೊಮ್ಮೆ ಲೆಕ್ಕದ ಹಾಳೆ ಅದಲುಬದಲು ಮಾಡಿಕೊಳ್ಳುವುದು. ಯಾರ ಗದ್ದೆ ಎಷ್ಟು ಬಿಡುತ್ತದೆ, ವರ್ಷ ಕಳೆದಂತೆ ಏನಾಗುತ್ತದೆ ಅಂತ ಹೋಲಿಸಿ ನೋಡುವುದು.

"ಹಸಿರು ಗೆರೆ ಆಚೆ ದಡದ್ದು, ಕೆಂಪು ನಮ್ದು," ಎಂದರು ಮೇಡಂ. "ಮೊದಲ ಆರು ವರ್ಷ ಇಬ್ರೂ ಹೆಗಲಿಗೆ ಹೆಗಲು. ಒಂದು ಚದರ ಮೀಟರ್ ಗದ್ದೆ ಗಂಟೆಗೆ ಹನ್ನೆರಡು ಹದಿಮೂರು ಮಿಲಿಗ್ರಾಂ. ಏಳನೇ ವರ್ಷ ನೋಡಿ, ನಮ್ದು ಎಗರಿ ಹದಿನೇಳಕ್ಕೆ ಹೋಗಿ ಕೂತ್ಕೊಂಡ್ತು. ಇವತ್ತಿಗೂ ಇಳಿದಿಲ್ಲ. ಅವರದು ಹತ್ತನೇ ವರ್ಷದಿಂದ ಮೆಲ್ಲಗೆ ಇಳೀತಾ ಬಂದು ಈಗ ಎಂಟು."

"ಅವರದು ಯಾಕೆ ಇಳೀತು?"

"ನಡುವೆ ಒಂದ್ಸಲ ಗದ್ದೆ ನೀರು ಬಸಿದು ಒಣಗಿಸ್ತಾರಂತೆ. ಕೆಸರಿಗೆ ಗಾಳಿ ಆಡುತ್ತೆ, ಮೀಥೇನ್ ಕಮ್ಮಿಯಾಗುತ್ತೆ."

"ನಮ್ದು ಯಾಕೆ ಏರ್ತು?"

ಮೇಡಂ ಮುಖ ಅರಳಿತು. ಕೇಳಲಿ ಅಂತಲೇ ಕಾದಿದ್ದರು. "ಅದೇ ನೋಡಿ ನನ್ನ ವರದಿ! ಏಳನೇ ವರ್ಷ ಕೇಂದ್ರದಲ್ಲಿ ಏನು ಬದಲಾಯ್ತು ಅಂತ ಹಳೇ ಕಡತ ಎಲ್ಲ ಜಾಲಾಡಿದೆ. ಬದಲಾಗಿದ್ದು ಒಂದೇ, ಬೀಜ. ಆ ವರ್ಷ ನೀವೆಲ್ಲ ಕೆಂಪುತೆನೆ ಹಾಕಿದ್ರಿ. ಕಾಂಡ ದಪ್ಪ, ಟೊಳ್ಳು ಜಾಸ್ತಿ, ಕೊಳವೆ ದೊಡ್ಡದು. ಇನ್ನು ಮೂರು ವಾರಕ್ಕೆ ವರದಿ ಎರಡೂ ಸರ್ಕಾರಕ್ಕೆ ಹೋಗುತ್ತೆ. ಕೆಂಪುತೆನೆ ಬೀಜ ಕೊಡೋದು ನಿಲ್ಲಿಸಿ ಅಂತ ಬರ್ದಿದೀನಿ."

ಕೆಂಪುತೆನೆಯನ್ನು ಈ ದಡದಲ್ಲಿ ಬೆಳೆಯದವರೇ ಕಡಿಮೆ. ಗಡಿಯಾರಮ್ಮನ ತಮ್ಮನ ಗದ್ದೆಯಲ್ಲಿಯೂ ಅದೇ. ಗಾಳಿಗೆ ಮಲಗದ, ಹುಳ ಮುಟ್ಟದ ಬೀಜ. ಅದು ನಿಂತರೆ ತಮ್ಮ ಏನು ಬಿತ್ತಬೇಕು? ಆದರೆ ಅವಳ ಕಣ್ಣು ಇನ್ನೂ ಆ ಕೆಂಪು ಗೆರೆಯ ಮೇಲೇ ಇತ್ತು.

"ಮೇಡಂ, ಇದು ಮೆಟ್ಟಿಲಿನ ಹಾಗಿದೆ."

"ಹೂಂ, ಹಾಗೇ ಇದೆ."

"ಹಸಿರು ನೋಡಿ, ಇಳಿಜಾರು. ಒಂದೊಂದೇ ವರ್ಷ ಇಳ್ದಿದೆ. ನಮ್ದು ಒಂದೇ ಸಲ ಕುಪ್ಪಳಿಸಿ ಮೇಲೆ ಹತ್ತಿ ಕೂತಿದೆ. ಯಾರೋ ಎತ್ತಿ ಇಟ್ಟ ಹಾಗೆ."

"ಬೀಜ ಒಂದೇ ಸಲ ಬದಲಾಯ್ತಲ್ಲ, ಅದಕ್ಕೆ."

ಗಡಿಯಾರಮ್ಮ ಸೀಸೆ ತೊಳೆಯಲು ಹೋದಳು. ಆದರೆ ಆ ಮೆಟ್ಟಿಲು ತಲೆಯೊಳಗೆ ಹೊಕ್ಕು ಕೂತಿತು. ಕೆಂಪುತೆನೆಯ ಮೂಟೆ ಕೇಂದ್ರಕ್ಕೆ ಬಂದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಮೂಟೆ ಇಳಿಸುವಾಗ ಒಂದು ಹರಿದು ಬೀಜವೆಲ್ಲ ಅಂಗಳದಲ್ಲಿ ಚೆಲ್ಲಿತ್ತು, ಎಲ್ಲರೂ ಕೂತು ಆರಿಸಿದ್ದರು. ಆಗ ಅತ್ತೆ ಊರುಗೋಲು ಹಿಡಿದು ಓಡಾಡುವಷ್ಟಾಗಿದ್ದರು. ಅಂದರೆ ಬಿದ್ದು ಐದಾರು ತಿಂಗಳಾದ ಮೇಲೆ. ಅಂದರೆ ಎರಡನೇ ಬೆಳೆ.

ವರ್ಷಕ್ಕೆ ಎರಡು ಬೆಳೆ. ಮೇಡಂ ಹಾಳೆಯಲ್ಲಿ ವರ್ಷಕ್ಕೆ ಒಂದೇ ಚುಕ್ಕಿ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಉಗ್ರಾಣಕ್ಕೆ ಹೋಗಿ ಗದ್ದೆ ಪುಸ್ತಕಗಳ ಸಾಲನ್ನು ತಡವಿದಳು. ಗದ್ದೆಗೆ ಒಯ್ದು ಹೊತ್ತು, ನೀರಿನ ಆಳ ಬರೆಯುವ ಪುಸ್ತಕಗಳು. ಸಿರಿಂಜಿನ ಗಾಳಿ ಅಳೆಯುವ ಯಂತ್ರದ ಫಲಿತಾಂಶ ಬಂದ ಮೇಲೆ ಚೀಟಿ ಅಂಟಿಸುವುದೂ ಅವುಗಳಲ್ಲೇ. ಏಳನೇ ವರ್ಷದ್ದನ್ನು ಎಳೆದು, ಧೂಳು ಊದಿ, ಮೊದಲ ಬೆಳೆ ತೆಗೆದಳು. ಹದಿನೇಳು. ಹದಿನೆಂಟು. ಹದಿನಾರೂವರೆ. ಬೀಜ ಇನ್ನೂ ಮೂಟೆಯಲ್ಲೂ ಇರಲಿಲ್ಲ. ಲೆಕ್ಕ ಆಗಲೇ ಮೆಟ್ಟಿಲು ಹತ್ತಿಯಾಗಿತ್ತು!

ಅವಳಿಗೆ ನಗು ಬಂತು. ತಮ್ಮನ ಬೀಜ ಬದುಕಿತು. ಹಾಗಾದರೆ ಯಾರು ಎತ್ತಿ ಇಟ್ಟಿದ್ದು? ಪುಸ್ತಕ ಮುಚ್ಚಲು ಹೋದಾಗ ರಟ್ಟಿನ ಹಿಂದಿನಿಂದ ಒಂದು ಲಕೋಟೆ ಜಾರಿ ಬಿತ್ತು. ಅವಳೇ ಸಿಕ್ಕಿಸಿಟ್ಟಿದ್ದು. ಆಚೆ ದಡದಲ್ಲಿ ಇದೇ ಕೆಲಸ ಮಾಡುವ ಹೆಂಗಸಿನ ಕಾಗದ.

ಅವರಿಬ್ಬರ ಭೇಟಿ ಒಮ್ಮೆಯೇ, ಶುರುವಿನಲ್ಲಿ ಐದು ದಿನದ ತರಬೇತಿಗೆ. ಆಕೆ ಗಡಿಯಾರಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು, ಅದಕ್ಕೆ ಅಕ್ಕ. ಕಲಿಸಲು ಬಂದ ಮೇಷ್ಟ್ರು ಐದೂ ದಿನ ಬಿಳೀ ಬೂಟು ಹಾಕಿಕೊಂಡು ಬಂದಿದ್ದರು. ಗದ್ದೆಯಲ್ಲಿ ಪೆಟ್ಟಿಗೆ ಪಕ್ಕ ಕಲ್ಲಿಟ್ಟು, ಕಲ್ಲಿನ ಮೇಲೆ ಹಲಗೆ ಹಾಸಿ, "ಕೆಸರಿಗೆ ಇಳೀಬೇಡಿ, ಹಲಗೆ ಮೇಲೇ ನಿಲ್ಲಿ" ಅಂದಿದ್ದರು. ಕೆಸರಿನಲ್ಲೇ ಹುಟ್ಟಿ ಬೆಳೆದ ಗಡಿಯಾರಮ್ಮ ಆ ಬೂಟು ನೋಡಿ ಒಳಗೊಳಗೇ ನಕ್ಕಿದ್ದಳು. ಪಾಪ, ಬೂಟು ಕೊಳೆಯಾಗಬಾರದಲ್ಲ! ಅತ್ತೆ ಬಿದ್ದಾಗ ದೊಡ್ಡ ಸಾರ್ ಅವರನ್ನು ಹಲಗೆ ಕೇಳಿದಾಗಲೂ ಅವರು ಜೀಪಿನಿಂದಲೇ, "ತಗೊಂಡ್ಹೋಗಮ್ಮ, ಒಂದು ವಾರ ತಾನೇ" ಎಂದಿದ್ದರು. ಕೇಂದ್ರಕ್ಕೆ ಕೊಟ್ಟಿದ್ದ ಎರಡು ಹಲಗೆಗಳಲ್ಲಿ ಒಂದನೇ ನಂಬರಿನದು ಅದಕ್ಕೂ ಮುಂಚೆಯೇ ಗೆದ್ದಲು ಹಿಡಿದು ಹೋಗಿತ್ತು. ಉಳಿದಿದ್ದು ಎರಡನೆಯದು. ಅದು ಮನೆಗೆ ಬಂತು. ಗಡಿಯಾರಮ್ಮ ಕಾಲೆತ್ತಿ ಕೆಸರಿಗಿಟ್ಟಳು. ಹಾಯೆನಿಸಿತ್ತು.

ಕಾಗದ ಬಿಡಿಸಿದಳು. ನಾಲ್ಕೇ ಸಾಲು.

"ತಂಗೀ, ನಿಮ್ಮ ಈ ವರ್ಷದ ಲೆಕ್ಕ ನೋಡಿದೆ. ಬಹಳ ಏರಿದೆಯಲ್ಲ, ಏನಾಯಿತು? ನೀನು ಹಲಗೆಯ ಮೇಲೆ ನಿಲ್ಲುತ್ತೀಯೋ, ಕೆಸರಲ್ಲಿ ನಿಲ್ಲುತ್ತೀಯೋ? ಎಲ್ಲಿ ನಿಂತು ಸಿರಿಂಜ್ ಎಳೆಯುತ್ತೀಯ ಅಂತ ಒಂದು ಚಿತ್ರ ಬರೆದು ಕಳಿಸು. ಸುಮ್ಮನೆ ತಿಳಿಯುವ ಆಸೆ."

ಅಂದು ಅವಳಿಗೆ ಇದು ಚುಚ್ಚುಮಾತಿನಂತೆ ಕಂಡಿತ್ತು. ತರಬೇತಿಯಲ್ಲಿ ಅಕ್ಕ ಅವಳ ಕೆಸರುಗಾಲು ನೋಡಿ ತಮಾಷೆ ಮಾಡಿದ್ದುಂಟು. ಮೇಲಾಗಿ, ಕೆಸರಲ್ಲಿ ನಿಲ್ಲುತ್ತೇನೆ ಎಂದು ಬರೆದರೆ, ಹಲಗೆ ಎಲ್ಲಿ ಅನ್ನುವ ಪ್ರಶ್ನೆ ಬರುತ್ತದೆ. ಕೇಂದ್ರದ ಹಲಗೆ ನನ್ನ ಬಚ್ಚಲ ದಾರಿಯಲ್ಲಿದೆ ಎಂದು ಬೇರೆ ದೇಶಕ್ಕೆ ಬರೆಯುವುದೆ? ಹಲಗೆ ವಾಪಸು ಇಟ್ಟ ಮೇಲೆ ಬರೆದರಾಯಿತು ಎಂದುಕೊಂಡಳು. ಅತ್ತೆಗೆ ಹಲಗೆ ಬೇಕೇ ಬೇಕಿತ್ತು. ಇವತ್ತು ನಾಳೆ ಅನ್ನುತ್ತ ಹನ್ನೆರಡು ವರ್ಷ ಹೋಯಿತು.

ಅವಳು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ನೇರ ಗದ್ದೆಗೆ ನಡೆದಳು. ಹೊತ್ತಲ್ಲದ ಹೊತ್ತಿನಲ್ಲಿ ಅವಳನ್ನು ಕಂಡು, ನೀರು ಬಿಡುವ ಪಂಪಿನಣ್ಣ ಬಾಯಿ ಬಿಟ್ಟ.

"ಅಕ್ಕೋ! ಗಡಿಯಾರ ಕೆಟ್ಟೋಯ್ತಾ?"

"ನೀನು ಸುಮ್ನಿರು. ಈ ಪೆಟ್ಟಿಗೆ ಒಳಗೆ ನೋಡ್ತಿರು. ನಾನು ನಡೀತೀನಿ."

ಪೆಟ್ಟಿಗೆ ಬೋರಲು ಹಾಕಿ, ಸದ್ದಿಲ್ಲದೆ ನಿಂತಳು. ಒಳಗಿನ ನೀರು ಕನ್ನಡಿಯಂತಿತ್ತು. ಎಡಗಾಲಿನಿಂದ ಬಲಗಾಲಿಗೆ ಭಾರ ಹಾಕಿದಳು. ಅಷ್ಟೇ.

"ಗುಳುಕ್ ಅಂತು," ಎಂದ ಪಂಪಿನಣ್ಣ.

ಇನ್ನೊಂದು ಹೆಜ್ಜೆ.

"ಮೂರು ಗುಳ್ಳೆ. ಇಲ್ಲ, ನಾಲ್ಕು. ಅಕ್ಕಾ, ನೀವು ಕಾಲಿಟ್ಟರೆ ಗದ್ದೆ ತೇಗ್ತದೆ!"

ಈ ಗುಳ್ಳೆ ಅವಳೇನು ಕಾಣದ್ದಲ್ಲ. ಹನ್ನೆರಡು ವರ್ಷ ನೋಡಿದ್ದಳು. ಗದ್ದೆ ಜೀರ್ಣಿಸಿಕೊಳ್ಳುತ್ತಿದೆ ಅಂದುಕೊಂಡಿದ್ದಳು. ಆ ಮೇಷ್ಟ್ರ ಹಲಗೆ ಬೂಟಿಗಲ್ಲ, ಕೆಸರಿಗೆ ಅಂತ ಈಗ ತಿಳಿಯಿತು. ನಿಮಿಷ ತಪ್ಪಿಸದ ಕೈ ಮೇಲಿತ್ತು, ಸರಿ. ಕಾಲು?

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಕಳಚದೆ ಹಿತ್ತಲಿಗೆ ಹೋಗಿ ಹಲಗೆಯನ್ನು ನೋಡುತ್ತ ನಿಂತಳು. ಅತ್ತೆ ಹಿಂದೆಯೇ ಊರುಗೋಲು ಕುಟ್ಟುತ್ತ ಬಂದರು.

"ಬೆಳಿಗ್ಗೆ ತಿಕ್ಕಿದ್ದನ್ನ ಸಂಜೆ ನೋಡ್ತಾ ನಿಂತಿದೀಯ. ದೃಷ್ಟಿಯಾದೀತು."

ಗಡಿಯಾರಮ್ಮ ಎಲ್ಲ ಹೇಳಿದಳು. ಗುಳ್ಳೆ, ಮೆಟ್ಟಿಲು, ಬೀಜ, ಕಾಗದ. ಅತ್ತೆ ಬಾಯಿ ಬಿಡದೆ ಕೇಳಿದರು. ಅದೇ ಒಂದು ಅಪರೂಪ.

"ಅಂದ್ರೆ, ನಾನು ಬಿದ್ದಿದ್ದಕ್ಕೆ ಈ ದೇಶದ ಲೆಕ್ಕ ಮೇಲೆ ಹೋಯ್ತು ಅಂತೀಯ?"

"ಹಾಗೇ ಅಂದ್ಕೊಳಿ."

"ನನ್ನ ಸೊಂಟಕ್ಕೆ ಅಷ್ಟು ಬೆಲೆ ಇದೆ ಅಂತ ಗೊತ್ತಿರ್ಲಿಲ್ಲ." ಅತ್ತೆ ಹಲಗೆಯ ತುದಿಯನ್ನು ಊರುಗೋಲಿನಿಂದ ತಟ್ಟಿ ನೋಡಿದರು. "ಅದ್ಸರಿ, ಈಗೇನು? ಬೆಳಿಗ್ಗೆ ಬೇಗ ಹೋಗಿ ಸದ್ದಿಲ್ದಂಗೆ ಗದ್ದೇಲಿ ಇಟ್ಟು ಬಾ. ಬೀಜದ ಮಾತಿಗೆ ಆ ಪುಸ್ತಕ ತೋರಿಸಿದ್ರೆ ಸಾಕಲ್ಲ. ನಿನ್ನ ಕಾಲಿನ ಸುದ್ದಿ ಯಾಕೆ?"

ಗಡಿಯಾರಮ್ಮ ಅದನ್ನು ಆಗಲೇ ದಾರಿಯುದ್ದಕ್ಕೂ ಯೋಚಿಸಿದ್ದಳು. ಹಾಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ವರ್ಷ ಕೆಂಪು ಗೆರೆ ತಾನಾಗಿ ಇಳಿಯುತ್ತದೆ. ಮೇಡಂ ಮತ್ತೆ ಕಡತ ಜಾಲಾಡಿ ಇನ್ನೊಂದು ಕಾರಣ ಹುಡುಕುತ್ತಾರೆ, ಅವಳು ಗಡಿಯಾರಮ್ಮನಾಗಿಯೇ ನಿವೃತ್ತಳಾಗುತ್ತಾಳೆ. ಬಾಯಿ ಬಿಟ್ಟರೆ, ಹನ್ನೆರಡು ವರ್ಷ ತಪ್ಪು ಅಳೆದವಳು.

"ಅತ್ತೆ, ನನಗೆ ನಾಚಿಕೆ ಆಗ್ತಿದೆ, ಇಲ್ಲ ಅನ್ನಲ್ಲ. ಆದ್ರೆ ನನಗೆ ಇನ್ನೊಂದು ತಿಳೀಬೇಕು. ಏರಿದ ಆ ಐದರಲ್ಲಿ ನನ್ನ ಕಾಲಿನದೆಷ್ಟು, ಗದ್ದೆದೆಷ್ಟು? ಎಲ್ಲಾ ನಂದೇನಾ, ಅರ್ಧನಾ? ಸದ್ದಿಲ್ದಂಗೆ ಇಟ್ರೆ ಅದು ಗೊತ್ತೇ ಆಗಲ್ಲ. ಯಂತ್ರ ಮೇಡಂ ಕೈಲಿದೆ."

"ತಿಳ್ಕೊಂಡು ಏನ್ಮಾಡ್ತೀಯ?"

"ತಿಳ್ಕೊಳ್ತೀನಿ."

ಅತ್ತೆ ಊರುಗೋಲನ್ನು ಮೋರಿಯ ಕಡೆ ತೋರಿಸಿದರು. "ಹುಟ್ಟಾ ಹಟಮಾರಿ. ಸರಿ, ಮೊದಲು ಒಂದು ಚಪ್ಪಡಿ ಕಲ್ಲು ತರಿಸಿ ಹಾಕ್ಸು. ನಿನ್ನ ಗದ್ದೆ ತೇಗಿದ್ರೆ ತೇಗಲಿ, ನಾನು ಬಚ್ಚಲಿಗೆ ಹಾರಿ ಹೋಗಕ್ಕಾಗಲ್ಲ."

ಮರುದಿನ ಹೆಗಲ ಮೇಲೆ ಹಲಗೆ ಹೊತ್ತು ಗಡಿಯಾರಮ್ಮ ಕೇಂದ್ರದ ಗೇಟು ದಾಟಿದಳು. ಚಿಕ್ಕ ಮೇಡಂ ಕೋಣೆಯ ಗೋಡೆಗೆ ಅದನ್ನು ಒರಗಿಸಿ, ಏಳನೇ ವರ್ಷದ ಪುಸ್ತಕ ಮೇಜಿನ ಮೇಲಿಟ್ಟು, ನಿಂತೇ ಎಲ್ಲವನ್ನೂ ಒಪ್ಪಿಸಿದಳು.

ಮೇಡಂ ಮೊದಲು ಪುಸ್ತಕ ನೋಡಿದರು. ಎರಡು ಸಲ ನೋಡಿದರು. ಅವರ ಮುಖದಲ್ಲಿದ್ದ ಬಣ್ಣ ಇಳಿಯಿತು.

"ಬೆಳೆಗೊಂದು ಚುಕ್ಕಿ ಇಡಬೇಕಿತ್ತು ನಾನು," ಎಂದರು ತಮ್ಮಷ್ಟಕ್ಕೇ. ಆಮೇಲೆ ತಲೆಯೆತ್ತಿದರು. "ಹನ್ನೆರಡು ವರ್ಷ, ಗಡಿಯಾರಮ್ಮ! ಒಂದ್ಸಲ, ಒಂದೇ ಒಂದ್ಸಲ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹಲಗೆಗೆ ಹೆದರಿದ್ದೆ ಮೇಡಂ. ಲೆಕ್ಕಕ್ಕೆ ಹೆದರಬೇಕು ಅಂತ ಗೊತ್ತಿರ್ಲಿಲ್ಲ."

ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. ಅಲ್ಲಿಂದ ನಾಲ್ಕು ಪೆಟ್ಟಿಗೆಗಳು ಬಿಸಿಲಿಗೆ ಹೊಳೆಯುವುದು ಕಾಣುತ್ತಿತ್ತು. ಗಡಿಯಾರಮ್ಮ ಕಾದಳು. ಕಾಯುವುದು ಅವಳ ಕಸುಬು.

"ನಾನೂ ನಾಲ್ಕು ವರ್ಷದಿಂದ ಇದೇ ಕಿಟಕೀಲಿ ನೋಡಿದೀನಿ," ಎಂದರು ಮೇಡಂ ಕೊನೆಗೆ. "ಮೊಣಕಾಲುದ್ದ ಕೆಸರಲ್ಲಿ ನಿಂತಿರ್ತೀರ. ಎಷ್ಟು ಶ್ರದ್ಧೆ ಅಂದ್ಕೊಂಡಿದ್ದೆ." ಅವರ ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ನೀವು ಎಷ್ಟು ಕೆಜಿ?"

"ಅದ್ಯಾಕೆ ಈಗ?"

"ಬರ್ಕೋಬೇಕು. ಇದೂ ಒಂದು ಅಳತೆ ತಾನೇ."

ಆರು ಬೆಳಿಗ್ಗೆಗಳ ಪರೀಕ್ಷೆ ಅಂತ ಗೊತ್ತಾಯಿತು. ಒಂದು ದಿನ ಒಂದನೇ, ಮೂರನೇ ಪೆಟ್ಟಿಗೆಯ ಹತ್ತಿರ ಹಲಗೆಯ ಮೇಲೆ ನಿಂತು ಅಳೆಯುವುದು, ಎರಡು, ನಾಲ್ಕಕ್ಕೆ ಕೆಸರಲ್ಲಿ. ಮಾರನೇ ದಿನ ಅದಲುಬದಲು. ಬೀಜ ಎಲ್ಲದರಲ್ಲೂ ಅದೇ ಕೆಂಪುತೆನೆ, ನೀರೂ ಅಷ್ಟೇ ಆಳ. ಹಲಗೆ ಒಂದೇ ಆದ್ದರಿಂದ ಅದನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಬದುವಿನ ಮೇಲಿಂದಲೇ ಚಾಚಿ ಸಾಗಿಸುವ ಕೆಲಸ ಪಂಪಿನಣ್ಣನ ಪಾಲಿಗೆ ಬಂತು.

"ನೆಲದ ಮೇಲೆ ಕಾಲಿಡಲ್ಲ ಈಗ ನಮ್ಮಕ್ಕ," ಎಂದು ಅವನು ಊರಿಗೆಲ್ಲ ಸಾರಿದ. "ನಾನು ಹಲಗೆ ಹಾಸ್ಬೇಕು, ಅವರು ನಡೀಬೇಕು. ರಾಣಿಯಾಗ್ಬಿಟ್ರು."

ರಾಣಿಗೆ ಹಲಗೆಯ ಮೇಲೆ ನಿಲ್ಲುವುದೇ ಕಷ್ಟವಾಯಿತು. ಕೆಸರು ಕಾಲನ್ನು ಹಿಡಿದು ನಿಲ್ಲಿಸುತ್ತದೆ, ಹಲಗೆ ಹಿಡಿಯುವುದಿಲ್ಲ. ಮೊದಲ ದಿನ ಎರಡು ಸಲ ಓಲಾಡಿದಳು. ಮೂರನೇ ದಿನದ ಹೊತ್ತಿಗೆ ಪಾದ ಅಭ್ಯಾಸ ಮಾಡಿಕೊಂಡಿತು. ಆಗ ಪೆಟ್ಟಿಗೆಯೊಳಗೆ ಬಗ್ಗಿ ನೋಡುವುದಕ್ಕೆ ಪುರುಸೊತ್ತಾಯಿತು. ನೀರು ಅಲುಗದೆ ಇತ್ತು. ಆದರೂ ಎಲ್ಲೋ ಒಂದು ಮೂಲೆಯಲ್ಲಿ, ಯಾರೂ ಮೆಟ್ಟದೆ, ತಾನಾಗಿ ಒಂದು ಗುಳ್ಳೆ ಎದ್ದು ಒಡೆಯಿತು. ಅದು ಗದ್ದೆಯದೇ ಗುಳ್ಳೆ. ಅವಳು ಅದನ್ನು ಮೊದಲ ಸಲ ನೋಡಿದವಳಂತೆ ನೋಡಿದಳು. ಮುಂದಿನದು ಯಾವಾಗ ಬರುತ್ತದೆ ಎಂದು ವಾಚು ಹಿಡಿದು ಕಾದಳು. ನಾಲ್ಕು ನಿಮಿಷವಾದ ಮೇಲೆ ಬಂತು.

ಏಳನೇ ದಿನ ಯಂತ್ರ ಲೆಕ್ಕ ಕೊಟ್ಟಿತು. ಕೆಸರಲ್ಲಿ ನಿಂತಾಗ ಹದಿನೇಳು ಮುಕ್ಕಾಲು. ಹಲಗೆಯ ಮೇಲೆ ನಿಂತಾಗ ಹದಿಮೂರು, ಸ್ವಲ್ಪ ಕಡಿಮೆ. ಮೇಡಂ ಎರಡೂ ಅಂಕೆಗಳ ಕೆಳಗೆ ಪೆನ್ಸಿಲಿನಿಂದ ಗೀಟೆಳೆದರು.

"ನಿಮ್ಮ ಕಾಲಿನದು ಐದು, ಗಡಿಯಾರಮ್ಮ. ಕೆಂಪುತೆನೆ ಬಿಡ್ತಿರೋದು ಹಳೇ ಬೀಜದಷ್ಟೇ. ನಮ್ಮ ಗದ್ದೆ ಏರೇ ಇಲ್ಲ. ಹದಿನೆಂಟು ವರ್ಷದ ಹಿಂದೆ ಎಲ್ಲಿತ್ತೋ ಅಲ್ಲೇ ಇದೆ ಅನ್ನಿಸುತ್ತೆ."

"ಅವರದು ಎಂಟು. ನಮ್ದು ಹದಿಮೂರು. ಇನ್ನೂ ಐದು ಉಳೀತಲ್ಲ?"

"ಉಳೀತು. ಅದು ನಿಮ್ಮ ಕಾಲಿಂದಲ್ಲ. ಅವರು ಗದ್ದೆ ಒಣಗಿಸ್ತಾರೆ, ನಾವು ನೀರು ನಿಲ್ಲಿಸಿಕೊಂಡೇ ಕೂತಿದೀವಿ." ಮೇಡಂ ಪೆನ್ಸಿಲ್ ಕಡಿಯುತ್ತ ಯೋಚಿಸಿದರು. "ಅದೂ, ಅವರು ಹದಿನೆಂಟು ವರ್ಷವೂ ಹಲಗೆ ಮೇಲೇ ನಿಂತಿದ್ರೆ. ಅವರೂ ಮೊದಲು ಕೆಸರಲ್ಲಿ ನಿಂತು, ಆಮೇಲೆ ಹಲಗೆ ಹತ್ತಿದ್ರೆ? ಆಗ ಆ ಇಳಿಜಾರೂ ಬರೀ ಕಾಲಿನ ಆಟವೇ. ಕೇಳದೆ ಹೇಗೆ ಬರೀಲಿ?"

ಗಡಿಯಾರಮ್ಮನಿಗೆ ಇದು ಹೊಳೆದಿರಲಿಲ್ಲ. ಅಕ್ಕನ ಕಾಗದದ ಕೊನೆಯ ಸಾಲು ನೆನಪಾಯಿತು. ಸುಮ್ಮನೆ ತಿಳಿಯುವ ಆಸೆ. ಅದು ಚುಚ್ಚುಮಾತಾಗಿರಲಿಲ್ಲ. ಇವತ್ತು ತನ್ನೊಳಗೆ ಕುಣಿಯುತ್ತಿರುವುದೇ ಅಂದು ಅಕ್ಕನೊಳಗೂ ಕುಣಿದಿತ್ತು. ಉತ್ತರಕ್ಕಾಗಿ ಆ ಹೆಂಗಸು ಎಷ್ಟು ದಿನ ಕಾದಳೋ.

"ವರದಿ?" ಎಂದು ಕೇಳಿದಳು.

"ಮೂರು ವಾರಕ್ಕೆ ಹೋಗಲ್ಲ. ಬೀಜದ ಅಧ್ಯಾಯ ಹರಿದು ಹಾಕ್ತೀನಿ. ಹನ್ನೆರಡು ವರ್ಷದ ಲೆಕ್ಕದ ಪಕ್ಕ ನಿಮ್ಮ ಕಾಲಿನ ವಿಷಯ ಬರೀಬೇಕು. ನನ್ನ ಕಿಟಕಿಯ ವಿಷಯನೂ." ಮೇಡಂ ಕಂಪ್ಯೂಟರ್ ಕಡೆ ತಿರುಗಿದರು. "ಆಚೆಗೆ ಈಗಲೇ ಒಂದು ಮೇಲ್ ಹಾಕ್ಲಾ?"

"ಬೇಡ ಮೇಡಂ. ಆಯಮ್ಮ ಕೇಳಿದ್ದು ನನ್ನನ್ನ. ಕಾಗದದಲ್ಲಿ ಕೇಳಿದ್ದು. ವರ್ಷದ ಹಾಳೆ ಮೇಲೆ ಇನ್ನೂ ಆಯಮ್ಮನ ಸಹಿ ಬರ್ತಿದೆ, ಅಲ್ಲೇ ಇದಾರೆ. ನಾನೇ ಬರೀತೀನಿ."

ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಬರೆಯಲು ಕೂತಳು. ನಾಲ್ಕು ಹಾಳೆ ಹಾಳಾದವು. ಐದನೆಯದು ನಿಂತಿತು.

"ಅಕ್ಕಾ, ನೀವು ಕೇಳಿ ಹನ್ನೆರಡು ವರ್ಷವಾಯಿತು. ತಡವಾಗಿದ್ದಕ್ಕೆ ಕಾರಣ ಹೇಳಿದರೆ ನಗುತ್ತೀರಿ, ಆದರೂ ಹೇಳುತ್ತೇನೆ. ನಾನು ಕೆಸರಲ್ಲಿ ನಿಲ್ಲುತ್ತಿದ್ದೆ. ಹಲಗೆ ನಮ್ಮ ಮನೆಯಲ್ಲಿತ್ತು. ಮೇಷ್ಟ್ರ ಬಿಳೀ ಬೂಟು ನೋಡಿ ಹಲಗೆ ಬೂಟಿಗೆ ಅಂದುಕೊಂಡಿದ್ದೆ. ನನ್ನ ಕಾಲಿನದು ಐದು ಮಿಲಿಗ್ರಾಂ ಅಂತ ಈಗ ಅಳೆದಿದ್ದೇವೆ. ನೀವು ಕೇಳಿದ ಚಿತ್ರ ಇದರ ಹಿಂದೆ ಇದೆ. ಈಗ ನನ್ನ ಸರದಿ. ನೀವು ಮೊದಲ ದಿನದಿಂದ ಹಲಗೆಯ ಮೇಲೇ ಇದ್ದಿರಾ? ಒಂದು ದಿನವೂ ಇಳಿಯಲಿಲ್ಲವಾ? ಇದ್ದದ್ದು ಇದ್ದ ಹಾಗೆ ಬರೆಯಿರಿ, ನಾನು ನಗುವುದಿಲ್ಲ. ಗದ್ದೆ ಒಣಗಿಸುತ್ತೀರಂತಲ್ಲ, ಎಷ್ಟು ದಿನ? ಸಾಕು ಅಂತ ಹೇಗೆ ತಿಳಿಯುತ್ತೀರಿ, ಬಿರುಕು ನೋಡಿಯೋ, ಕಾಲಿಟ್ಟೋ? ಪೈರು ಸೊರಗುವುದಿಲ್ಲವಾ? ನನ್ನ ತಮ್ಮನೂ ಕೇಳುತ್ತಿದ್ದಾನೆ."

ಹಿಂದೆ ಎರಡು ಚಿತ್ರ. ಒಂದರಲ್ಲಿ ಪೆಟ್ಟಿಗೆ, ಪಕ್ಕದಲ್ಲಿ ಕೆಸರಿನೊಳಗೆ ಎರಡು ಕಾಲು, ಕಾಲಿನ ಸುತ್ತ ಗುಳ್ಳೆ. ಇನ್ನೊಂದರಲ್ಲಿ ಅದೇ ಪೆಟ್ಟಿಗೆ, ಹಲಗೆ, ಹಲಗೆಯ ತುದಿಗೆ ಎರಡರ ಅಂಕೆ.

ಅತ್ತೆ ಕನ್ನಡಕ ಹಾಕಿಕೊಂಡು ಚಿತ್ರ ಪರೀಕ್ಷಿಸಿದರು. "ಕಾಲು ಇಷ್ಟು ದಪ್ಪ ಬರ್ದಿದೀಯ?"

"ಇದ್ದದ್ದು ಇದ್ದ ಹಾಗೆ."

"ನನ್ನ ಸೊಂಟದ ವಿಷ್ಯ ಇಲ್ವಲ್ಲ ಇದ್ರಲ್ಲಿ. ಹಲಗೆ ಮನೇಲಿತ್ತು ಅಂದ್ರೆ ಆಯಮ್ಮ ಏನಂದ್ಕೊಳ್ಬೇಕು? ಕದ್ದೆ ಅಂದ್ಕೊಳಲ್ವಾ? ಬರಿ."

ಕಾಗದದ ಅಂಚಿನಲ್ಲಿ ಜಾಗ ಮಾಡಿ, ಅತ್ತೆಯ ಸೊಂಟದ ವಿಷಯವನ್ನೂ ಬರೆಯಬೇಕಾಯಿತು. ಎರಡು ಕಡೆ ಫೋಟೋ ತೆಗೆದದ್ದೂ ಸೇರಿತು.

ಸೋಮವಾರ ಗದ್ದೆಯಲ್ಲಿ ಅಳತೆಯಿರಲಿಲ್ಲ. ಗಡಿಯಾರಮ್ಮ ಅಂಚೆ ಕಚೇರಿಗೆ ಹೋಗಿ ಕಿಟಕಿಯ ಬಳಿ ಸಾಲಿನಲ್ಲಿ ನಿಂತಳು. ಗುಮಾಸ್ತ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು, ವಿಳಾಸ ಓದಿ, ಸ್ಟಾಂಪು ಹರಿದು ಕೊಟ್ಟ.

"ಆಚೆ ದಡಕ್ಕಾ? ನಾಲ್ಕು ದಿನ ಹಿಡಿಯುತ್ತೆ ಅಮ್ಮ. ಅರ್ಜೆಂಟಾದ್ರೆ ಬೇರೆ ದಾರಿ ಇದೆ."

"ಅರ್ಜೆಂಟೇನಿಲ್ಲಪ್ಪ," ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. "ನಾಲ್ಕು ದಿನ ಅಂದ್ರೆ ಶುಕ್ರವಾರನಾ? ಬರೋಕೆ ಮತ್ತೆ ನಾಲ್ಕಾ?"

"ಅವರು ಅವತ್ತೇ ಬರೆದ್ರೆ."

ಹೊರಗೆ ಗೋಡೆಗೆ ಹಾಕಿದ್ದ ಪೆಟ್ಟಿಗೆಯ ಬಾಯಿಗೆ ಲಕೋಟೆ ಇಟ್ಟಳು. ಚಿತ್ರದ ಹಾಳೆ ದಪ್ಪವಾಗಿ ಒಂದು ಗಳಿಗೆ ಸಿಕ್ಕಿಕೊಂಡಿತು. ಅಂಗೈಯಿಂದ ಒತ್ತಿದಳು. ಒಳಗೆ ಬಿದ್ದ ಸದ್ದು ಕೇಳಿಸಿತು. ಆದರೂ ಎರಡು ಬೆರಳು ತೂರಿಸಿ, ಎಲ್ಲಿಯೂ ಸಿಕ್ಕಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ, ಅಭ್ಯಾಸ ಬಿಡಬೇಕಲ್ಲ, ಮಣಿಕಟ್ಟು ತಿರುಗಿಸಿ ಹೊತ್ತು ನೋಡಿದಳು. ಹತ್ತು ಗಂಟೆ ಹತ್ತು ನಿಮಿಷ.